ಸಣ್ಣ ಊರಿನ ಮನೆ ಕಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಸದ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವು ಅಂಗಡಿ ಮುಂದೆ ನಿಂತು ಮಾತಾಡುವಾಗ ಕೇಳಿದ್ದು, ಕೆಲವು ಬರೆದು ಕಳಿಸಿದ್ದು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಬೆಂಗಳೂರಿನ ಲೆಕ್ಕ ಬೇರೆ. ಇದು ಪಟ್ಟಣ ಪಂಚಾಯಿತಿ, ಪುರಸಭೆ ಇರುವ ಊರಿನವರಿಗೆ, ಅದರಲ್ಲೂ ಮಳೆ ಜಾಸ್ತಿ ಹೊಡೆಯುವ ಮಲೆನಾಡಿನ ಕಡೆಯವರಿಗೆ.

## ಈಗ ಶುರು ಮಾಡುವವರಿಗೆ

ಹಸಿ ಕಸ, ಒಣ ಕಸ ಅಂತಾರಲ್ಲ, ಯಾವುದು ಯಾವುದಕ್ಕೆ ಸೇರುತ್ತೆ ಒಂದ್ಸಲ ಸರಿಯಾಗಿ ಹೇಳಿ

ಕೊಳೆಯುವುದು ಹಸಿ, ಕೊಳೆಯದೇ ಇರುವುದು ಒಣ. ಒದ್ದೆ ಇದೆಯಾ ಇಲ್ವಾ ಅನ್ನುವುದು ಲೆಕ್ಕಕ್ಕಿಲ್ಲ. ಗರಿಗರಿ ಒಣಗಿದ ಈರುಳ್ಳಿ ಸಿಪ್ಪೆಯೂ ಹಸಿ ಕಸವೇ, ನೀರು ಸುರಿಯುತ್ತಿರುವ ಪ್ಲಾಸ್ಟಿಕ್ ಬಾಟಲಿಯೂ ಒಣ ಕಸವೇ. ತರಕಾರಿ ಸಿಪ್ಪೆ, ಉಳಿದ ಅನ್ನ ಸಾರು, ಕಾಫಿ ಚರಟ, ದೇವರ ಮನೆಯ ಹೂವು, ಬಾಳೆಎಲೆ, ಮೊಟ್ಟೆ ಸಿಪ್ಪೆ ಎಲ್ಲ ಹಸಿ. ಪೇಪರ್, ರಟ್ಟು, ಪ್ಲಾಸ್ಟಿಕ್, ತಗಡು, ಗಾಜು, ಹಳೇ ಬಟ್ಟೆ, ಹರಿದ ಚಪ್ಪಲಿ ಒಣ. ಪೇಪರ್ ಕೊಳೆಯುತ್ತೆ ನಿಜ, ಆದರೆ ಒಣಗಿದ್ದರೆ ಅದಕ್ಕೆ ಬೆಲೆ ಇದೆ, ಅದಕ್ಕೇ ಅದು ಒಣ ಕಸದ ಕಡೆ. ಎಣ್ಣೆ ಹತ್ತಿದ ಬೋಂಡ ಕಟ್ಟಿದ ಪೇಪರ್ ಮಾತ್ರ ಹಸಿಗೆ ಹಾಕಿ.

ಇವೆರಡೂ ಅಲ್ಲದ್ದು ಇನ್ನೆರಡಿವೆ. ಪ್ಯಾಡ್, ಡೈಪರ್ ಒಂದು. ಬಲ್ಬು, ಬ್ಯಾಟರಿ, ಔಷಧಿ, ಪೇಂಟ್ ಡಬ್ಬಿ ಇನ್ನೊಂದು. 2016ರ ಘನತ್ಯಾಜ್ಯ ನಿಯಮದಲ್ಲಿ ಮನೆಯಲ್ಲಿ ಮೂರು ಬಗೆಯಾಗಿ ಬೇರೆ ಮಾಡಬೇಕು ಅಂತಿತ್ತು, 2026ರ ಏಪ್ರಿಲ್ 1ರಿಂದ ಬಂದ ಹೊಸ ನಿಯಮದಲ್ಲಿ ನಾಲ್ಕು ಬಗೆ.

ಎಲ್ಲಾ ಒಂದೇ ಬಕೆಟ್‌ಗೆ ಹಾಕಿ ಕೊಟ್ರೆ ಏನಾಗುತ್ತೆ? ಅಲ್ಲಿ ಅವರೇ ಬೇರೆ ಮಾಡ್ಕೊಳ್ತಾರಲ್ವಾ?

ಮಾಡುತ್ತಾರೆ, ಕೈಯಿಂದ. ನಿನ್ನೆಯ ಸಾರಿನಲ್ಲಿ ನೆಂದ ಪೇಪರ್, ಅದಕ್ಕೆ ಅಂಟಿದ ಕೂದಲು, ಅದರ ಮಧ್ಯೆ ಒಂದು ಬ್ಲೇಡು, ಮಗುವಿನ ಡೈಪರ್. ಇದನ್ನು ಯಾರೋ ಒಬ್ಬ ಹೆಣ್ಣುಮಗಳು ಕೂತು ಬಿಡಿಸಬೇಕು. ಆಮೇಲೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ, ಯಾಕಂದರೆ ಅನ್ನ ಹತ್ತಿದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ, ಗಾಜಿನ ಚೂರು ಬೆರೆತ ಗೊಬ್ಬರವನ್ನು ಯಾವ ರೈತನೂ ತೋಟಕ್ಕೆ ಹಾಕುವುದಿಲ್ಲ. ಅಡುಗೆಮನೆಯಲ್ಲಿ ಅರ್ಧ ನಿಮಿಷದ ಕೆಲಸ ಅದು. ಅಲ್ಲಿ ಬಿಟ್ಟರೆ ಮುಂದೆ ಎಷ್ಟು ಜನ ಸೇರಿದರೂ ಸರಿಯಾಗುವುದಿಲ್ಲ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಒಣ ಕಸಕ್ಕೆ ಹಸಿ ತಾಗಿಸಬೇಡಿ ಅನ್ನುವುದನ್ನು ಇಟ್ಟುಕೊಳ್ಳಿ.

ನಾನು ಬೇರೆ ಮಾಡಿ ಕೊಟ್ರೂ ಗಾಡಿಯವರು ಒಟ್ಟಿಗೇ ಸುರೀತಾರೆ. ಮತ್ಯಾಕೆ ನಾನು ಕಷ್ಟಪಡ್ಲಿ?

ನಿಮ್ಮ ಸಿಟ್ಟು ಸರಿ. ಹೀಗಾಗುವ ಊರುಗಳು ಇವೆ. ಎಷ್ಟೋ ಕಡೆ ಆಟೋ ಟಿಪ್ಪರ್‌ನಲ್ಲಿ ನಡುವೆ ಅಡ್ಡ ತಗಡು ಇರುತ್ತೆ, ಆದರೆ ಹತ್ತು ಮನೆಯವರು ಬೆರೆಸಿ ಕೊಟ್ಟಾಗ ಅದು ಇದ್ದೂ ಇಲ್ಲದ ಹಾಗೆ.

ಗಾಡಿಯನ್ನು ನಂಬಿಕೊಳ್ಳದೆಯೂ ಮಾಡಬಹುದಾದ ದಾರಿ ಇದೆ. ಒಣ ಕಸವನ್ನು ದಿನಾ ಕೊಡಬೇಕು ಅಂತೇನಿಲ್ಲ. ಹಸಿ ತಾಗದಿದ್ದರೆ ಅದು ನಾರುವುದಿಲ್ಲ, ಇರುವೆ ಬರುವುದಿಲ್ಲ, ಒಂದು ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಇಡಬಹುದು. ಚೀಲ ತುಂಬಿದಾಗ ಗುಜರಿಗೆ ಹಾಕಿ, ಉಳಿದದ್ದನ್ನು ಒಣ ಕಸ ತೆಗೆದುಕೊಳ್ಳುವ ದಿನ ಬೇರೆಯಾಗಿಯೇ ಕೊಡಿ. ಹಸಿ ಮನೆಯಲ್ಲೇ ಗೊಬ್ಬರವಾದರೆ ಗಾಡಿಯಲ್ಲಿ ಬೆರೆಸಲು ನಿಮ್ಮದು ಏನೂ ಉಳಿಯುವುದೇ ಇಲ್ಲ. ಜೊತೆಗೆ ದೂರನ್ನೂ ಕೊಡಿ, ಅದು ಹೇಗೆ ಅಂತ ಕೆಳಗಿದೆ.

ನಮ್ದು ಸಣ್ಣ ಮನೆ. ಅಷ್ಟೊಂದು ಡಬ್ಬ ಎಲ್ಲಿಡ್ಲಿ?

ಸಿಂಕ್ ಪಕ್ಕ ಮುಚ್ಚಳ ಇರುವ ಒಂದು ಸಣ್ಣ ಡಬ್ಬ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಒಂದು ಚೀಲ, ಬಚ್ಚಲಮನೆಯಲ್ಲಿ ಒಂದು ಪುಟ್ಟ ಬುಟ್ಟಿ. ಬಲ್ಬು ಬ್ಯಾಟರಿಗೆ ಮೇಲಿನ ಶೆಲ್ಫಿನಲ್ಲಿ ಹಳೇ ಚಪ್ಪಲಿ ಬಾಕ್ಸ್ ಸಾಕು, ಅದು ತುಂಬಲು ವರ್ಷ ಬೇಕು. ಹಸಿ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ. ತಳಕ್ಕೆ ಒಂದು ಹಾಳೆ ಪೇಪರ್ ಹಾಸಿದರೆ ನೀರು ಹೀರಿಕೊಳ್ಳುತ್ತೆ, ತೊಳೆಯುವುದೂ ಸುಲಭ.

ಪ್ಯಾಡ್, ಡೈಪರ್ ಹೇಗೆ ಕೊಡೋದು? ಕೊಡೋಕೆ ನಾಚಿಕೆ ಆಗುತ್ತೆ

ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಗುರುತು ಹಾಕಿ, ಬೇರೆಯಾಗಿ ಕೊಡಿ. ಗುರುತು ಇದ್ದರೆ ಅವರು ಬಿಚ್ಚಿ ನೋಡುವುದಿಲ್ಲ. ನಾಚಿಕೊಂಡು ಕಪ್ಪು ಕವರಿನಲ್ಲಿ ಕಟ್ಟಿ ಒಣ ಕಸದೊಳಗೆ ಅಡಗಿಸಿದರೆ ಒಳಗೆ ಏನೋ ಇದೆ ಅಂತ ಬಿಚ್ಚಲೇಬೇಕಾಗುತ್ತೆ. ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವುದು ಬೇಡ. ಸಣ್ಣ ಊರುಗಳಲ್ಲಿ ಹೆಚ್ಚಿನ ಮನೆಗಳದ್ದು ಪಿಟ್ಟು, ಅದು ಕಟ್ಟಿಕೊಂಡರೆ ಇಳಿದು ತೆಗೆಯಬೇಕಾದ ಪರಿಸ್ಥಿತಿ ಯಾವ ಮನುಷ್ಯನಿಗೂ ಬರಬಾರದು. ಒಗ್ಗುವವರಿಗೆ ಬಟ್ಟೆ ಪ್ಯಾಡ್, ಕಪ್ ಇವೆ, ಅದು ಅವರವರ ಇಷ್ಟ.

ಒಡೆದ ಗಾಜು, ಬ್ಲೇಡು, ಇನ್ಸುಲಿನ್ ಸೂಜಿ?

ಗಾಜನ್ನು ದಪ್ಪಗೆ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ "ಗಾಜು" ಅಂತ ಬರೆಯಿರಿ. ಸೂಜಿ, ಬ್ಲೇಡಿಗೆ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಇಡಿ, ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ ಕೈಯಲ್ಲೇ ಕೊಟ್ಟು ಬಾಯಲ್ಲೂ ಹೇಳಿ.

## ಒಣ ಕಸ, ಗುಜರಿ, ಬಚ್ಚಲೊಲೆ

ಹಾಲಿನ ಕವರ್ ತೊಳೀಲೇಬೇಕಾ?

ಹೌದು, ತೊಳೆಯಲೇಬೇಕು. ನಂದಿನಿ ಕವರ್ ಒಳ್ಳೇ ಪ್ಲಾಸ್ಟಿಕ್, ಮತ್ತೆ ಕರಗಿಸಿ ಬಳಸಲು ಬರುತ್ತೆ, ಹೆಚ್ಚಿನ ಗುಜರಿಯವರು ತಗೊಳ್ಳುತ್ತಾರೆ. ತೊಳೆಯದೆ ಎಸೆದರೆ ಎರಡನೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಇರುವೆ.

ಮೂಲೆ ಕತ್ತರಿಸುವಾಗ ಆ ಚಿಕ್ಕ ತ್ರಿಕೋನ ಪೂರ್ತಿ ಬೇರೆಯಾಗದಂತೆ ಒಂದು ಕಡೆ ಅಂಟಿಕೊಂಡೇ ಇರಲಿ. ಬೇರೆಯಾದ ಆ ತುಂಡು ಎಷ್ಟು ಚಿಕ್ಕದು ಅಂದರೆ ಯಾರೂ ಹೆಕ್ಕುವುದಿಲ್ಲ, ಅದು ನೇರ ಚರಂಡಿಗೆ, ಅಲ್ಲಿಂದ ಹೊಳೆಗೆ ಹೋಗುತ್ತೆ. ಹಾಲು ಸುರಿದ ಮೇಲೆ ಮೇಲ್ಭಾಗ ಪೂರ್ತಿ ಬಿಡಿಸಿ, ಎರಡು ಚಮಚ ನೀರು ಹಾಕಿ ಅಲ್ಲಾಡಿಸಿ. ಆ ನೀರು ಹಾಲಿಗೇ ಹೋಗಲಿ ಅಥವಾ ಗಿಡಕ್ಕೆ ಹೋಗಲಿ. ಒದ್ದೆ ಕವರನ್ನು ಸಿಂಕ್ ಮೇಲಿನ ಟೈಲ್ಸಿಗೆ ಅಂಟಿಸಿ ಬಿಟ್ಟರೆ ಸಂಜೆ ಹೊತ್ತಿಗೆ ಒಣಗಿ ತಾನೇ ಉದುರುತ್ತೆ. ಮೊಸರಿನ ಕವರ್, ಎಣ್ಣೆ ಕವರ್‌ಗೂ ಇದೇ, ಎಣ್ಣೆಯದಕ್ಕೆ ಮೊದಲು ಸ್ವಲ್ಪ ಕಡಲೆಹಿಟ್ಟು ಉಜ್ಜಿ ತೆಗೆಯಿರಿ.

ಗುಜರಿಯವರು ಏನೇನು ತಗೋತಾರೆ? ಕೊಟ್ಟಿದ್ದರಲ್ಲಿ ಅರ್ಧ ವಾಪಸ್ ಬಿಟ್ಟು ಹೋಗ್ತಾರೆ

ಮುಂದೆ ಕೊಳ್ಳುವವರು ಇದ್ದರೆ ಮಾತ್ರ ಅವರೂ ತಗೊಳ್ಳುತ್ತಾರೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಪೇಪರ್, ರಟ್ಟು ಯಾವಾಗಲೂ ಹೋಗುತ್ತೆ. ಪ್ಲಾಸ್ಟಿಕ್ಕಿನಲ್ಲಿ ತಳ ತಿರುಗಿಸಿ ನೋಡಿ, ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತೆ. 1 ನೀರಿನ ಬಾಟಲಿ, 2 ಶಾಂಪೂ ಬಾಟಲಿ ಮತ್ತು ಕ್ಯಾನು, 5 ಡಬ್ಬ ಮುಚ್ಚಳ. ಇವಕ್ಕೆ ಬೆಲೆ ಇದೆ. 6 ಅಂದರೆ ಥರ್ಮಾಕೋಲ್ ಜಾತಿ, ತುಂಬ ಹಗುರ, ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ಗಾಜು ಊರಿನಿಂದ ಊರಿಗೆ ಬೇರೆ ಬೇರೆ, ಇಡೀ ಬಾಟಲಿ ತಗೊಳ್ಳುವವರು ಚೂರು ಬೇಡ ಅನ್ನಬಹುದು.

ಚೌಕಾಸಿ ಮಾಡುವವರಿಗೆ ಒಂದು ಮಾತು. ಹಳೇ ಪೇಪರಿಗೆ ಕೆಜಿಗೆ ಒಂದು ರೂಪಾಯಿ ಕಡಿಮೆ ಸಿಕ್ಕಿತು ಅಂತ ಅವರನ್ನು ವಾಪಸ್ ಕಳಿಸಬೇಡಿ. ಊರಿನ ಕಸದಲ್ಲಿ ನಿಜವಾಗಿ ಮರುಬಳಕೆಗೆ ಹೋಗುವ ಬಹುಪಾಲು ಅವರ ಸೈಕಲ್ಲು, ತಳ್ಳುಗಾಡಿಯಿಂದಲೇ ಹೋಗುವುದು.

ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಬಿಸ್ಕೆಟ್ ಕವರ್ ಯಾರೂ ತಗೊಳಲ್ಲ. ಏನ್ಮಾಡ್ಲಿ?

ಅದರಲ್ಲಿ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಹೀಗೆ ಪದರ ಪದರ ಅಂಟಿಸಿರುತ್ತಾರೆ. ಬಿಡಿಸಲು ಆಗುವುದಿಲ್ಲ, ಹಾಗಾಗಿ ಕೊಳ್ಳುವವರಿಲ್ಲ. ಸದ್ಯಕ್ಕೆ ಇಂಥದ್ದಕ್ಕೆ ಇರುವ ದಾರಿ ಸಿಮೆಂಟ್ ಕಾರ್ಖಾನೆಯ ಗೂಡು. ಅಲ್ಲಿನ ಶಾಖ ಸಾವಿರ ಡಿಗ್ರಿಗಿಂತ ಎಷ್ಟೋ ಜಾಸ್ತಿ, ಕಲ್ಲಿದ್ದಲ ಬದಲಿಗೆ ಇದನ್ನು ಉರಿಸುತ್ತಾರೆ. ಅಷ್ಟು ದೂರ ಕಳಿಸಬೇಕಾದರೆ ಊರಿನಲ್ಲಿ ಒಣ ಕಸದ ಕೇಂದ್ರ ಇದನ್ನು ಒಟ್ಟು ಮಾಡಿ, ಒತ್ತಿ ಬೇಲ್ (ದೊಡ್ಡ ಗಟ್ಟಿ ಕಟ್ಟು) ಕಟ್ಟಬೇಕು. ಹಾಗಾಗಿ ಒಣಗಿಸಿ ಒಣ ಕಸದಲ್ಲೇ ಕೊಡಿ. ಸ್ಯಾಶೆ ಬದಲು ದೊಡ್ಡ ಬಾಟಲಿ ತಂದರೆ ಮೂಲದಲ್ಲೇ ಕಡಿಮೆಯಾಗುತ್ತೆ.

ನಾವು ಮೊದಲಿಂದಲೂ ಎಲ್ಲಾ ಬಚ್ಚಲೊಲೆಗೇ ಹಾಕೋದು. ನೀರೂ ಕಾಯುತ್ತೆ, ಕಸವೂ ಹೋಗುತ್ತೆ. ತಪ್ಪೇನು?

ಮಲೆನಾಡಿನಲ್ಲಿ ನನಗೆ ಅತಿ ಹೆಚ್ಚು ಸಿಗುವ ಪ್ರಶ್ನೆ ಇದು. ಅಜ್ಜಿಯ ಕಾಲದಲ್ಲಿ ಒಲೆಗೆ ಹೋಗುತ್ತಿದ್ದದ್ದು ತೆಂಗಿನ ಗರಿ, ಅಡಿಕೆ ಹಾಳೆ, ಸೌದೆ. ಅದು ಉರಿದರೆ ಬೂದಿ. ಈಗ ಹೋಗುವುದು ಕ್ಯಾರಿ ಬ್ಯಾಗು, ಗುಟ್ಕಾ ಚೀಟಿ, ಹರಿದ ಚಪ್ಪಲಿ, ವೈರಿನ ತುಂಡು. ಹಂಡೆ ಒಲೆಯ ಉರಿ ಇದನ್ನು ಪೂರ್ತಿ ಸುಡುವಷ್ಟು ಜೋರಿರುವುದಿಲ್ಲ. ಅರೆಬರೆ ಉರಿದು ಕಪ್ಪು ಹೊಗೆ ಬರುತ್ತೆ, ವೈರು, ಪೈಪಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಇದ್ದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತೆ. ಅದು ಕ್ಯಾನ್ಸರ್ ತರುವ ವಸ್ತು. ಹೊಗೆಯ ಜೊತೆ ಹುಲ್ಲಿನ ಮೇಲೆ ಕೂತು, ಹಸು ಮೇಯ್ದು, ಹಾಲಿನ ಕೊಬ್ಬಿನಲ್ಲಿ ಸೇರಿ ಮತ್ತೆ ಮನೆಗೇ ಬರುತ್ತೆ.

ಆ ಬೂದಿಯನ್ನು ಏನು ಮಾಡುತ್ತೀರಿ ನೋಡಿ. ಪಾತ್ರೆ ಉಜ್ಜುತ್ತೀರಿ, ಬಸಳೆ ಬುಡಕ್ಕೆ ಹಾಕುತ್ತೀರಿ. ಪ್ಲಾಸ್ಟಿಕ್ಕಿಗೆ ಬಣ್ಣ ಬರಲು, ಗಟ್ಟಿಯಾಗಲು ಬೆರೆಸಿದ ಲೋಹಗಳಲ್ಲಿ ಬಹಳಷ್ಟು ಆ ಬೂದಿಯಲ್ಲೇ ಉಳಿದಿರುತ್ತವೆ. ಬೆಳಿಗ್ಗೆ ಒಲೆ ಹಚ್ಚಲು ಸೀಮೆಎಣ್ಣೆ ಬದಲು ಒಂದು ಪ್ಲಾಸ್ಟಿಕ್ ಕವರ್ ಹಚ್ಚುವ ಅಭ್ಯಾಸವಂತೂ ದಯವಿಟ್ಟು ಬಿಡಿ, ಒಲೆ ಮುಂದೆ ಬಗ್ಗಿ ಊದುವವರ ಮುಖಕ್ಕೇ ಆ ಹೊಗೆ ಹೊಡೆಯುತ್ತೆ. ಒಣ ತೆಂಗಿನ ಸಿಪ್ಪೆ ಅಷ್ಟೇ ಬೇಗ ಹತ್ತಿಕೊಳ್ಳುತ್ತೆ. ಬೀದಿಯಲ್ಲಿ ಗುಡ್ಡೆ ಹಾಕಿ ಸುಡುವವರಿಗೆ ಇದೂ ಗೊತ್ತಿರಲಿ: ಕಸವನ್ನು ಬಯಲಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ.

ಹಳೇ ಬಟ್ಟೆ ರಾಶಿ ಬಿದ್ದಿದೆ. ಯಾರಿಗೆ ಕೊಡೋದು?

ಉಡುವ ಹಾಗಿದ್ದರೆ ಒಗೆದು ಮಡಿಸಿ ಕೊಡಿ. ಹರಿದ ಹತ್ತಿ ಬಟ್ಟೆ ಒರೆಸಲು ಆಗುತ್ತೆ, ಗ್ಯಾರೇಜಿನವರೂ ತಗೊಳ್ಳುತ್ತಾರೆ. ಹಳೇ ಸೀರೆ, ಪಂಚೆ ಇದ್ದರೆ ಕೌದಿ ಹೊಲಿಸಿ. ಉತ್ತರ ಕರ್ನಾಟಕದ ಕಡೆ ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ.

## ಹಸಿ ಕಸ ಮನೆಯಲ್ಲೇ ಗೊಬ್ಬರ

ಹಿತ್ತಲಿದೆ. ಸುಮ್ನೆ ಬಾಳೆ ಬುಡಕ್ಕೆ ಸುರಿದ್ರೆ ಸಾಲಲ್ವಾ?

ಸಿಪ್ಪೆ, ಸೊಪ್ಪು, ಹೂವಾದರೆ ಸಾಕು. ಮೇಲೆ ಒಂದು ಹಿಡಿ ತರಗೆಲೆ ಅಥವಾ ಮಣ್ಣು ಎಳೆದುಬಿಡಿ. ಅನ್ನ ಸಾರು ಮಾತ್ರ ತೆರೆದು ಸುರಿಯಬೇಡಿ, ಇಲಿ, ಹೆಗ್ಗಣ ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತೆ. ಅದಕ್ಕೆ ಮೊಣಕಾಲುದ್ದದ ಎರಡು ಗುಂಡಿ ತೋಡಿ, ಒಂದು ತುಂಬಿದ ಮೇಲೆ ಮಣ್ಣು ಮುಚ್ಚಿ ಇನ್ನೊಂದಕ್ಕೆ ಹೋಗಿ.

ಬಾಡಿಗೆ ಮನೆ, ಮಹಡಿ ಮೇಲೆ. ಗೊಬ್ಬರ ಮಾಡಕ್ಕಾಗುತ್ತಾ?

20 ಲೀಟರಿನ ಹಳೇ ಪೇಂಟ್ ಬಕೆಟ್ ಸಾಕು. ಚೆನ್ನಾಗಿ ತೊಳೆದು, ಸುತ್ತಲೂ ತಳದಲ್ಲೂ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಕೆಳಗೆ ಒಂದು ತಟ್ಟೆ ಇಡಿ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ತರಗೆಲೆ. ದಿನಾ ಹಸಿ ಹಾಕಿದ ಮೇಲೆ ಅದರ ಎರಡರಷ್ಟು ತರಗೆಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮುಚ್ಚಿ. ಇಲ್ಲಿ ಜಿಪುಣತನ ಬೇಡ, ಗೊಬ್ಬರ ಕೆಡುವುದು ಹೆಚ್ಚಾಗಿ ಇದು ಕಡಿಮೆಯಾಗಿಯೇ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಸೆಗಣಿ ನೀರು ಚಿಮುಕಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಅಡಿಮೇಲು ಮಾಡಿ, ಒಳಗೆ ಗಾಳಿ ಆಡಬೇಕು. ಮುಟ್ಟಿದಾಗ ಒಳಗೆ ಬಿಸಿ ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ.

ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ನೀರು ಧಾರೆ ಇಳಿದರೆ ಒದ್ದೆ ಜಾಸ್ತಿ, ಇನ್ನಷ್ಟು ಎಲೆ ಹಾಕಿ. ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ಉಂಡೆ ಕಟ್ಟಿ ಒಂದೆರಡು ಹನಿ ಬಂದರೆ ಸರಿ. ಬಕೆಟ್ ತುಂಬಿದ ಮೇಲೆ ಸುಮಾರು ಎರಡು ತಿಂಗಳು ಬಿಟ್ಟರೆ ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತೆ. ಅಷ್ಟರಲ್ಲಿ ಎರಡನೇ ಬಕೆಟ್ ನಡೆಯುತ್ತಿರಲಿ.

ಬಿಳಿ ಹುಳ ತುಂಬಿದೆ, ಅತ್ತೆ ಬಕೆಟ್ ಹೊರಗೆ ಎಸೀರಿ ಅಂತಿದ್ದಾರೆ!

ಎಸೆಯಬೇಡಿ. ಅವು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು, ಬಹಳ ಬೇಗ ಕಸ ತಿಂದು ಮುಗಿಸುತ್ತವೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ನೋಡಲು ಅಸಹ್ಯ ಅನ್ನುವುದು ನಿಜ, ಮನೆಯಲ್ಲಿ ಹಿರಿಯರು ಬೇಡ ಅಂದರೆ ಅವರ ಮಾತಿಗೂ ಬೆಲೆ ಇದೆ. ಒಣ ಎಲೆ ಜಾಸ್ತಿ ಹಾಕಿ, ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ, ಬಾಯಿಗೆ ಹಳೇ ಬಟ್ಟೆ ಕಟ್ಟಿ. ಕಡಿಮೆಯಾಗುತ್ತೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ ಅಂತ, ಅಡಿಮೇಲು ಮಾಡಿ. ಮೂಗಿಗೆ ಘಾಟು ಹೊಡೆದರೆ ಹಸಿಯೇ ಜಾಸ್ತಿ, ಒಣದ್ದು ಸಾಲದು ಅಂತ.

ಮಳೆಗಾಲದಲ್ಲಿ ಎಲ್ಲಾ ರಾಡಿ ಆಗುತ್ತೆ. ತರಗೆಲೆ ಎಲ್ಲಿಂದ ತರ್ಲಿ?

ಜೂನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಶಿವರಾತ್ರಿ ಹೊತ್ತಿಗೆ ಎಲೆ ಉದುರುತ್ತಲ್ಲ, ಆಗ ಬೀದಿ ಗುಡಿಸಿ ಬೆಂಕಿ ಹಾಕುವ ಬದಲು ಸಿಮೆಂಟ್ ಚೀಲಗಳಲ್ಲಿ ಒತ್ತಿ ತುಂಬಿ ಜಗಲಿ ಮೂಲೆಯಲ್ಲಿ ಇಡಿ. ಸಾಲದಿದ್ದರೆ ಸಾಮಿಲ್‌ನ ಮರದ ಹೊಟ್ಟು, ಒಣ ಅಡಿಕೆ ಸಿಪ್ಪೆ, ಹರಿದ ಪೇಪರ್ ನಡೆಯುತ್ತೆ. ಬಕೆಟ್‌ಗೆ ಇರಚಲು ಹೊಡೆಯದ ಜಾಗ ಬೇಕು. ಮಳೆಗಾಲದಲ್ಲಿ ಗೊಬ್ಬರ ನಿಧಾನ, ಇನ್ನೊಂದು ತಿಂಗಳು ಜಾಸ್ತಿ ಹಿಡಿಯಬಹುದು.

ಉಳಿದ ಅಡುಗೆ ದನಕ್ಕೆ ಹಾಕಿದ್ರೆ ಪುಣ್ಯ ಅಲ್ವಾ?

ಸಿಪ್ಪೆ, ಅಕ್ಕಿ ತೊಳೆದ ನೀರು, ಬಸಿದ ಗಂಜಿ ಬಾನಿಗೆ ಹಾಕಿ ಕಲಗಚ್ಚು ಮಾಡಿ ದನ ಸಾಕಿದವರಿಗೆ ಕೊಡುವುದು ಬಹಳ ಒಳ್ಳೇದು. ಕವರಿನಲ್ಲಿ ಕಟ್ಟಿ ರಸ್ತೆ ಪಕ್ಕ ಇಡುವುದು ಬೇರೆ ವಿಷಯ. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ. ಒಳಗಿನ ಅನ್ನದ ವಾಸನೆಗೆ ಕವರ್ ಸಮೇತ ನುಂಗುತ್ತೆ. ಅದು ಹೊಟ್ಟೆಯಲ್ಲಿ ಕರಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ, ಒಂದಕ್ಕೊಂದು ಸುತ್ತಿಕೊಂಡು ಗಟ್ಟಿ ಉಂಡೆಯಾಗುತ್ತೆ. ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆಯುವುದು ಪಶುವೈದ್ಯರಿಗೆ ಹೊಸದಲ್ಲ. ತುಂಬ ಸಲ ಅಷ್ಟರಲ್ಲಿ ಹಸು ಸತ್ತೇ ಹೋಗಿರುತ್ತೆ. ಬೇಯಿಸಿದ ಅನ್ನ ರಾಶಿ ಹಾಕಿದರೂ ದನಕ್ಕೆ ಹೊಟ್ಟೆ ಉಬ್ಬರಿಸುತ್ತೆ, ಮದುವೆ ಮನೆಯವರು ಇದನ್ನು ಗಮನಿಸಬೇಕು.

## ಮನೆ ದಾಟಿದ ಮೇಲೆ

ಗೃಹಪ್ರವೇಶ ಇದೆ. ಪೇಪರ್ ಪ್ಲೇಟ್, ಪೇಪರ್ ಲೋಟ ತರೋಣ ಅಂತಿದ್ದೀವಿ, ಪ್ಲಾಸ್ಟಿಕ್ ಅಲ್ವಲ್ಲ?

ಪೇಪರ್ ಲೋಟದ ಒಳಗೆ ಉಗುರಿನಿಂದ ಕೆರೆದು ನೋಡಿ, ತೆಳ್ಳಗೆ ಪ್ಲಾಸ್ಟಿಕ್ ಪದರ ಏಳುತ್ತೆ. ಅದು ಇರುವುದರಿಂದಲೇ ಕಾಫಿ ಸೋರುವುದಿಲ್ಲ. ಗೊಬ್ಬರಕ್ಕೂ ಆಗದು, ರದ್ದಿಗೂ ಆಗದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಕರ್ನಾಟಕದಲ್ಲಿ ಕ್ಯಾರಿ ಬ್ಯಾಗು 2016ರಿಂದಲೇ ನಿಷೇಧ.

ನಮ್ಮಲ್ಲಿ ಬಾಳೆಎಲೆ ಇದೆ, ಅಡಿಕೆ ಹಾಳೆ ತಟ್ಟೆ ಇದೆ. ನೀರಿಗೆ ಸಣ್ಣ ಬಾಟಲಿ ಹಂಚುವ ಬದಲು ಕೊಳಗದಲ್ಲಿ ನೀರು, ಸ್ಟೀಲ್ ಲೋಟ, ತೊಳೆಯಲು ಇಬ್ಬರು. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. ನಿಮ್ಮ ಊರಿನ ದೇವಸ್ಥಾನದಲ್ಲೋ ಮಹಿಳಾ ಸಂಘದಲ್ಲೋ ಇನ್ನೂರು ಲೋಟ ಇಟ್ಟರೆ ಇಡೀ ಊರಿಗೆ ಆಗುತ್ತೆ.

ಟ್ಯೂಬ್‌ಲೈಟ್, ಹಳೇ ಮೊಬೈಲ್, ಪವರ್ ಬ್ಯಾಂಕ್?

ಟ್ಯೂಬ್‌ಲೈಟ್, ಸಿಎಫ್ಎಲ್ ಒಳಗೆ ಪಾದರಸ ಇದೆ, ಒಡೆಯದಂತೆ ಹಳೇ ರಟ್ಟಿನ ಕವಚದಲ್ಲೇ ಇಟ್ಟು ಬೇರೆಯಾಗಿ ಕೊಡಿ. ಪವರ್ ಬ್ಯಾಂಕ್, ಊದಿಕೊಂಡ ಮೊಬೈಲ್ ಬ್ಯಾಟರಿ ಕಸದ ಗಾಡಿಗೆ ಹಾಕಲೇಬಾರದು. ಒತ್ತಿದಾಗ ಬೆಂಕಿ ಹೊತ್ತಿಕೊಳ್ಳಬಹುದು. ಇನ್ವರ್ಟರ್, ಬೈಕ್ ಬ್ಯಾಟರಿಯನ್ನು ಹೊಸದು ತರುವ ಅಂಗಡಿಗೇ ಕೊಡಿ, ಹೊಸದರ ಬೆಲೆಯಲ್ಲಿ ದುಡ್ಡು ಕಡಿಮೆ ಮಾಡುತ್ತಾರೆ. 2022ರ ಇ-ತ್ಯಾಜ್ಯ ನಿಯಮ, ಬ್ಯಾಟರಿ ನಿಯಮಗಳ ಪ್ರಕಾರ ಹಳೆಯದರ ಹೊಣೆ ತಯಾರಿಸಿದವರ ಮೇಲೂ ಇದೆ.

ಪಕ್ಕದ ಖಾಲಿ ಸೈಟಿಗೆ ಇಡೀ ಬೀದಿ ಕಸ ಸುರೀತಾರೆ. ಯಾರಿಗೆ ಹೇಳ್ಬೇಕು?

ಮೊದಲು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ. ಕೇಳದಿದ್ದರೆ ಮುಖ್ಯಾಧಿಕಾರಿಗೆ ಬರವಣಿಗೆಯಲ್ಲಿ, ಫೋಟೋ ಸಮೇತ ಕೊಟ್ಟು ಸ್ವೀಕೃತಿ ತಗೊಳ್ಳಿ. ಪುರಸಭೆ, ಪಟ್ಟಣ ಪಂಚಾಯಿತಿಗಳ ದೂರಿಗೆ ಇರುವ ಜನಹಿತ ಆ್ಯಪ್‌ನಲ್ಲೂ ಹಾಕಬಹುದು. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಘನತ್ಯಾಜ್ಯಕ್ಕೆ ಅಂತ ಬೇರೆ ಸೆಸ್ ಇರುತ್ತೆ, ರಸೀದಿ ತೆಗೆದು ನೋಡಿ. ಅಂದರೆ ನೀವು ಕೇಳುತ್ತಿರುವುದು ದುಡ್ಡು ಕೊಟ್ಟ ಸೇವೆಯನ್ನು. ಸೈಟ್ ಮಾಲೀಕರಿಗೆ ನೋಟಿಸ್ ಕೊಡಿ ಅಂತಲೂ ಅದೇ ಅರ್ಜಿಯಲ್ಲಿ ಬರೆಯಿರಿ. ಎಳನೀರು ಬುರುಡೆ, ಟೈರು ಬಿದ್ದಿದ್ದರೆ ಅದನ್ನು ಮುಖ್ಯವಾಗಿ ಹೇಳಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಊರಾಚೆ ಕಸದ ಗುಡ್ಡೆಗೆ ಬೇಸಿಗೆಯಲ್ಲಿ ತಾನಾಗೇ ಬೆಂಕಿ ಬೀಳುತ್ತಂತೆ, ನಿಜವಾ?

ನಿಜ. ಹಸಿ ಕಸ ಗಾಳಿಯಿಲ್ಲದೆ ಅಡಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತೆ, ನಾವು ಗೋಬರ್ ಗ್ಯಾಸ್‌ನಲ್ಲಿ ಉರಿಸುವುದೂ ಅದನ್ನೇ. ಒಳಗೆ ಬಿಸಿ ಏರಿ, ಮೇಲೆ ಒಣ ಪ್ಲಾಸ್ಟಿಕ್ ಇದ್ದರೆ ಒಂದು ಕಿಡಿ ಸಾಕು. ಮಳೆಗಾಲದಲ್ಲಿ ಅದೇ ಗುಡ್ಡೆಯಿಂದ ಕಪ್ಪು ನೀರು ಇಳಿಜಾರಿನ ತೋಟಕ್ಕೆ, ಬಾವಿಗೆ ಇಳಿಯುತ್ತೆ. 2021ರ ಅಕ್ಟೋಬರಿನಲ್ಲಿ ಶುರುವಾದ ಸ್ವಚ್ಛ ಭಾರತ್ ನಗರ ಯೋಜನೆಯ ಎರಡನೇ ಹಂತದಲ್ಲಿ ಇಂಥ ಹಳೇ ಗುಡ್ಡೆಗಳನ್ನು ಅಗೆದು ಜರಡಿ ಹಿಡಿದು ತೆರವು ಮಾಡುವುದೂ ಸೇರಿದೆ. ಆದರೆ ದಿನಾ ಬೆರಕೆ ಕಸ ಬರುತ್ತಲೇ ಇದ್ದರೆ ಒಂದು ಕಡೆ ಅಗೆದಂತೆ ಇನ್ನೊಂದು ಕಡೆ ಬೆಳೆಯುತ್ತೆ.

ಸಣ್ಣ ಊರಲ್ಲಿ ಇದು ನಿಜವಾಗ್ಲೂ ಎಲ್ಲಾದ್ರೂ ನಡೀತಿದೆಯಾ?

ನಡೆಯುತ್ತಿದೆ. ಕುಂದಾಪುರದ ಹತ್ತಿರ ವಂಡ್ಸೆ ಗ್ರಾಮ ಪಂಚಾಯಿತಿ ಮನೆಮನೆಯಿಂದ ಕಸ ತಂದು ಬೇರೆ ಮಾಡುವ ಕೆಲಸಕ್ಕೆ ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಸುತ್ತಲಿನ ಅನೇಕ ಪಂಚಾಯಿತಿಗಳ ಒಣ ಕಸ ಒಂದೇ ಕಡೆ ಬಂದು, ಯಂತ್ರದ ಬೆಲ್ಟ್ ಮೇಲೆ ಬಗೆಬಗೆಯಾಗಿ ಬೇರೆಯಾಗಿ, ಬೇಲ್ ಕಟ್ಟಿಸಿಕೊಂಡು ಹೋಗುತ್ತೆ. ಒಂದು ಪಂಚಾಯಿತಿಯ ಕಸಕ್ಕೆ ಲಾರಿ ಬಾಡಿಗೆ ಹುಟ್ಟುವುದಿಲ್ಲ, ಹತ್ತಾರು ಸೇರಿದಾಗ ಕೊಳ್ಳುವವರು ತಾವೇ ಬರುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಸ್ವಚ್ಛ ವಾಹಿನಿ ಅನ್ನುವ ಪಂಚಾಯಿತಿಯ ಕಸದ ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ.

ಬೀದಿ ಮಟ್ಟದಲ್ಲೂ ಇದೇ ಲೆಕ್ಕ ನಡೆಯುತ್ತೆ. ಒಂದೇ ಮನೆಯ ಹಾಲಿನ ಕವರಿಗೆ ಗುಜರಿಯವರು ಬರುವುದಿಲ್ಲ. ಇಪ್ಪತ್ತು ಮನೆಯವರು ತಿಂಗಳಿಗೆ ಒಂದು ಭಾನುವಾರ ಗೊತ್ತುಮಾಡಿ, ಒಬ್ಬರ ಜಗಲಿಯಲ್ಲಿ ಚೀಲಗಳನ್ನು ತಂದಿಟ್ಟು ಫೋನ್ ಮಾಡಿದರೆ ಬರುತ್ತಾರೆ, ಬಿಡಿಯಾಗಿ ಬೇಡ ಅನ್ನುವ ಗಾಜನ್ನೂ ಎಷ್ಟೋ ಸಲ ಒಟ್ಟಿಗೆ ತಗೊಂಡು ಹೋಗುತ್ತಾರೆ.